ಕೋಳಿಮರಿ ಪೆಟ್ಟಿಗೆಗೆ ಡಯೋಡ್ ಹಾಕಿದ ಭಾವಮೈದ

ಗೆಳೆಯರೇ, ಬಲ್ಬಿಗೆ ಆಯಸ್ಸು ಕೊಡುವ ಮಹಾನುಭಾವ ನಮ್ಮ ಮನೆಯಲ್ಲೇ ಇದ್ದಾನೆ, ಬೇಕಿದ್ದವರು ಬಂದು ಕರೆದುಕೊಂಡು ಹೋಗಿ. ನನ್ನ ಭಾವಮೈದ. ಕನಕಪುರದಲ್ಲಿ ರೇಡಿಯೊ ರಿಪೇರಿ ಮಾಡುತ್ತಾನೆ. ನಿನ್ನೆ ಸಂಜೆ ನಮ್ಮ ಕೋಳಿಮರಿಗಳ ಪೆಟ್ಟಿಗೆಯೊಳಗಿನ ಬಲ್ಬಿನ ವೈರಿಗೆ ಮೆಣಸಿನ ಕಾಳಿನಷ್ಟು ದಪ್ಪದ ಡಯೋಡ್ ಬೆಸೆದು, "ಇನ್ಮೇಲೆ ಅರ್ಧ ಕರೆಂಟೇ ಓಯ್ತದೆ ಭಾವ. ನಿನ್ ಮೊಮ್ಮಕ್ಕಳ ಕಾಲಕ್ಕೂ ಈ ಬಲ್ಬ್ ಸುಟ್ಟೋಗಾಕಿಲ್ಲ" ಅಂದ.

ಇವತ್ತು ಬೆಳಿಗ್ಗೆ ನೋಡಿದರೆ ಮರಿಗಳೆಲ್ಲ ಬಲ್ಬಿನ ಕೆಳಗೆ ಒಂದರ ಮೇಲೊಂದು ಹತ್ತಿಕೊಂಡು ನಡುಗುತ್ತಿವೆ. ಅಡಿಯಲ್ಲಿ ಸಿಕ್ಕಿಕೊಂಡ ಎರಡು ಮರಿಗಳಂತೂ ಕತ್ತೇ ಎತ್ತುತ್ತಿಲ್ಲ. ನನ್ನ ಹೆಂಡತಿ ಬಲ್ಬಿನ ಕೆಳಗೆ ಕೈಯೊಡ್ಡಿದಳು.

"ಏನ್ಲಾ ಇದು, ಒಸಿನೂ ಬೆಚ್ಚಗಿಲ್ವಲ್ಲ?"

"ಬಿಸಿ ಕಮ್ಮಿ ಆದ್ರೇನೇ ಅಕ್ಕ, ಬಲ್ಬ್ ಬಾಳಿಕೆ ಬರಾದು."

"ನಾನು ಸಾಕ್ತಿರಾದು ಕೋಳಿ ಕಣ್ಲಾ, ಬಲ್ಬಲ್ಲ! ಮೊದ್ಲು ಕಿತ್ತಾಕು ಅದ್ನ!"

ಕಿತ್ತು ವೈರನ್ನು ಮತ್ತೆ ಜೋಡಿಸಿದ. ಬಲ್ಬು ಮೊದಲಿನ ಹಾಗೆ ಧಗ್ಗೆಂದು ಉರಿಯಿತು. ಸ್ವಲ್ಪ ಹೊತ್ತಿಗೆ ಮರಿಗಳು ಚದುರಿ ನುಚ್ಚು ಹೆಕ್ಕತೊಡಗಿದವು. ಕತ್ತೆತ್ತದೆ ಬಿದ್ದಿದ್ದ ಎರಡೂ ತೂರಾಡುತ್ತಾ ಎದ್ದು ನಿಂತವು. ನನ್ನ ಹೆಂಡತಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ನಮ್ಮ ವಿಜ್ಞಾನಿಗೆ ಇದ್ಯಾವುದೂ ಕಾಣಲಿಲ್ಲ. ಬಲ್ಬನ್ನೇ ನೋಡುತ್ತಾ, "ಪಾಪ, ಇನ್ನು ಬೇಗ ಓಗ್ಬುಡ್ತದೆ" ಅಂತ ಮರುಗಿದ.

ಈಗ ತಿಂಡಿ ತಿಂದು ನಮ್ಮ ಟಿವಿಯ ಬೆನ್ನು ಸವರುತ್ತಾ ನಿಂತಿದ್ದಾನೆ. ಮನೆಯಲ್ಲಿದ್ದ ಸ್ಕ್ರೂಡ್ರೈವರನ್ನು ನಾನು ಅಕ್ಕಿ ಡಬ್ಬದಲ್ಲಿ ಹೂತಿಟ್ಟಿದ್ದೇನೆ.