ಹೊರಟುಹೋದ ಗುರುತು

ರೈಲಿನಲ್ಲಿ ಕುಳಿತವರಿಗೆಲ್ಲ ಒಮ್ಮೆಯಾದರೂ ಆಗಿರುವ ಮೋಸವೊಂದಿದೆ. ನಮ್ಮ ರೈಲು ನಿಂತೇ ಇರುತ್ತದೆ, ಪಕ್ಕದ ಹಳಿಯ ರೈಲು ಮೆಲ್ಲಗೆ ಸರಿಯುತ್ತದೆ, ನಾವೇ ಹೊರಟೆವೆಂದು ಹಿಗ್ಗಿ ಕಾಲು ಚಾಚಿ ಕೂರುತ್ತೇವೆ. ಆ ರೈಲಿನ ಕೊನೆಯ ಡಬ್ಬಿ ದಾಟಿದ ಮೇಲೆ ನೋಡಿದರೆ ಅದೇ ಬೇಲಿ, ಅದೇ ಮೇಕೆ, ಅದೇ ನಾವು. ಬಂಗಾರಪೇಟೆಯಿಂದ ಕೆ.ಜಿ.ಎಫ್.ನ ಕಾರ್ಖಾನೆಗೆ ದಿನವೂ ರೈಲಿನಲ್ಲಿ ಹೋಗಿಬರುವ ನಾನು ಇದನ್ನು ಟಿಕೆಟ್ಟಿನ ಜೊತೆ ಪುಕ್ಕಟೆಯಾಗಿ ಸಿಗುವ ಮನರಂಜನೆಯೆಂದೇ ಬಗೆದಿದ್ದೆ. ಈಗ ಪಕ್ಕದ ಗೂಡ್ಸು ಅಲುಗಿತೆಂದರೆ ಅಂಗೈ ಬೆವರುತ್ತದೆ. ಕಾರಣ ಹೇಳಬೇಕಾದರೆ ನಿಮ್ಮನ್ನು ಒಂದು ಕೆರೆಯ ಏರಿಯವರೆಗೆ ನಡೆಸಿಕೊಂಡು ಹೋಗಬೇಕು.

ನಡುವಯಸ್ಸಿನಲ್ಲಿ ಮನುಷ್ಯನಿಗೆ ಹಿಡಿಯುವ ಹುಚ್ಚುಗಳಲ್ಲಿ ಟ್ರಯಾತ್ಲಾನ್ ಒಂದು. ಮೊದಲು ಈಜಬೇಕು, ಒದ್ದೆ ಮೈಯಲ್ಲೇ ಸೈಕಲ್ ತುಳಿಯಬೇಕು, ಇಳಿದವನೇ ಓಡಬೇಕು. ಮೂರರಲ್ಲಿ ಒಂದನ್ನೂ ನೆಟ್ಟಗೆ ಮಾಡಲಾರದ ನಾನು ಮೂರನ್ನೂ ಒಟ್ಟಿಗೆ ಮಾಡಬಲ್ಲೆನೆಂದು ಹೇಗೆ ನಂಬಿದೆನೋ ತಿಳಿಯದು. ಜೊತೆಗೆ ಸಿಕ್ಕವನು ಮುನಿರಾಜು. ಕ್ಯಾಸಂಬಳ್ಳಿ ಕಡೆಯವನು, ನಮ್ಮ ಕಾರ್ಖಾನೆಯಲ್ಲೇ ಫಿಟ್ಟರು. ಬೆಳಿಗ್ಗೆ ಹಸು ಕರೆದು ಡೈರಿಗೆ ಹಾಲು ಹಾಕಿ ಡ್ಯೂಟಿಗೆ ಬರುವವನು. ನೀರೆಂದರೆ ಅವನಿಗೆ ಹೆದರಿಕೆಯೇ ಇಲ್ಲ, ಏಕೆಂದರೆ ಈಜು ಕಲಿತದ್ದು ತೋಟದ ಬಾವಿಯಲ್ಲಿ. ಬಾವಿಯ ಈಜುಗಾರನಿಗೆ ದಿಕ್ಕಿನ ಗೊಡವೆಯಿಲ್ಲ. ಎತ್ತ ಹೋದರೂ ಗೋಡೆ ಸಿಗುತ್ತದೆ. ಕೆರೆಗೆ ಬಿಟ್ಟರೆ ಮುನಿರಾಜು ತಲೆ ತಗ್ಗಿಸಿ, ಇಲ್ಲದ ಬಾವಿಯ ಸುತ್ತ ಸುತ್ತಿದಂತೆ ಬಾಗಿ ಬಾಗಿ ಹೋಗುತ್ತಿದ್ದ.

ನಮಗೆ ಉಪದೇಶಕ್ಕೆ ಕೊರತೆಯಿರಲಿಲ್ಲ. ಇಂಥ ಸ್ಪರ್ಧೆಗಳನ್ನು ಹಲವು ಸಲ ಮುಗಿಸಿದ ಇಬ್ಬರು ಹಿರಿಯರು ಸಿಕ್ಕಿದ್ದರು. ಬಂಗಾರಪೇಟೆಯ ಸೈಕಲ್ ಅಂಗಡಿಯ ಶ್ರೀನಿವಾಸಣ್ಣನದು ಒಂದೇ ಮಂತ್ರ: "ಓಟದ ದಿನ ಒಸದು ಏನೂ ಬ್ಯಾಡ. ಒಸ ಬೂಟು ಬ್ಯಾಡ, ಒಸ ತಿಂಡಿ ಬ್ಯಾಡ, ಒಸ ಚಡ್ಡಿನೂ ಬ್ಯಾಡ." ಇನ್ನೊಬ್ಬರು ಕೆ.ಜಿ.ಎಫ್.ನ ಶಾಲೆಯೊಂದರಲ್ಲಿ ಆಟ ಕಲಿಸುವ ಗ್ಲೋರಿ ಅಕ್ಕ. ಅಣ್ಣ ಬಾಳೆಹಣ್ಣು ತಿನ್ನಿ ಎಂದರೆ ಅಕ್ಕ ಬೇಡ ಎನ್ನುವರು. ಅಕ್ಕ ನಿದ್ದೆ ಮಾಡಿ ಎಂದರೆ ಅಣ್ಣ ಮೊದಲು ಸೈಕಲ್ ಚೈನಿಗೆ ಎಣ್ಣೆ ಬಿಡಿ ಎನ್ನುವರು. ನಾವು ಇಬ್ಬರಿಗೂ ತಲೆಯಾಡಿಸಿ, ಮುಂಜಾವಿನ ಮಂಜಿನಲ್ಲಿ ಸೈನೈಡ್ ದಿಬ್ಬಗಳ ಪಕ್ಕ ಸೈಕಲ್ ತುಳಿಯುತ್ತಿದ್ದೆವು. ಚಿನ್ನ ಸೋಸಿದ ಮೇಲೆ ಗಣಿಯವರು ಸುರಿದುಹೋದ ಆ ಮಾಸಲು ಮಣ್ಣಿನ ಗುಡ್ಡಗಳು ಆ ಹೊತ್ತಿನಲ್ಲಿ ಯಾವುದೋ ಪುರಾತನ ಪ್ರಾಣಿಗಳು ಮಲಗಿ ಉಸಿರಾಡುತ್ತಿರುವಂತೆ ಕಾಣುತ್ತವೆ. ಅವು ಏಳುವುದರೊಳಗೆ ದಾಟಿಬಿಡಬೇಕೆಂದು ನಾನು ತುಳಿತದ ವೇಗ ಹೆಚ್ಚಿಸುತ್ತಿದ್ದೆ.

ಈಜಿನ ವಿಷಯದಲ್ಲಿ ಮಾತ್ರ ಗ್ಲೋರಿ ಅಕ್ಕನ ಮಾತೇ ಕೊನೆಯದು. ಅವರು ಹೇಳಿಕೊಟ್ಟದ್ದು ಮೂರು. ಎದುರು ದಡದಲ್ಲಿ ಅಲ್ಲಾಡದ ಒಂದು ಗುರುತು ಹಿಡಿದು, ಆಗಾಗ ಕಣ್ಣೆತ್ತಿ ಅದನ್ನೇ ನೋಡುತ್ತ ಹೋಗಬೇಕು. ಗಾಳಿ ತುಂಬಿದ ಕೇಸರಿ ಚೀಲವೊಂದನ್ನು ದಾರದಿಂದ ಸೊಂಟಕ್ಕೆ ಕಟ್ಟಿಕೊಂಡಿರಬೇಕು. ಮೂರನೆಯದನ್ನು ಅವರ ಮಾತಿನಲ್ಲೇ ಹೇಳುತ್ತೇನೆ: "ಭಯ ಬಂದ್ರೆ ಈಜಬಾರ್ದು ತಂಬಿ. ಚೀಲ ತಬ್ಕೊಂಡು ಆಕಾಶ ನೋಡ್ತಾ ಮಲ್ಕೋಬೇಕು." ಮುನಿರಾಜು ಚೀಲಕ್ಕೆ ಬಾಲವೆಂದು ಹೆಸರಿಟ್ಟು, ನಮ್ಮ ಹಸುಗೂ ಇಂಥದ್ದೊಂದು ಬೇಕೆಂದು ನಕ್ಕು, ಅಕ್ಕನ ಮುಖ ನೋಡಿ ಕಟ್ಟಿಕೊಂಡ.

ಅಂದು ಭಾನುವಾರ. ಬಂಗಾರಪೇಟೆಯ ಹೊರಗೆ, ರೈಲು ದಾರಿಯ ಪಕ್ಕದ ಕೆರೆ. ಎದುರು ದಡದ ಮೇಲೆ ಗೂಡ್ಸು ಗಾಡಿಯೊಂದು ನಿಂತಿತ್ತು, ಅದರ ಬಾಲದಲ್ಲಿ ಕೆಂಪು ಗಾರ್ಡ್ ಡಬ್ಬಿ. ನಮ್ಮ ಊರಿನಲ್ಲಿ ಪಕ್ಕದ ಹಳಿಗೆ ತಳ್ಳಿಸಿಕೊಂಡ ಗೂಡ್ಸು ಎಂದರೆ ಭೂಗೋಳದ ಭಾಗ. ಅದರ ನೆರಳಲ್ಲಿ ಮೇಕೆಗಳು ಮಲಗುತ್ತವೆ, ಜನ ಅದನ್ನೇ ಹೇಳಿ ದಾರಿ ತೋರಿಸುತ್ತಾರೆ. ಗುರುತು ಯಾವುದೆಂದು ಕೇಳಿದಾಗ ಮುನಿರಾಜು ಆ ಕೆಂಪು ಡಬ್ಬಿಯನ್ನು ತೋರಿಸಿದ. "ಮೂರು ದಿನದಿಂದ ಅಲ್ಲೇ ಐತೆ ಸಾ. ಅದೆಲ್ಲಿಗೋಯ್ತದೆ?" ನನಗೂ, ಗ್ಲೋರಿ ಅಕ್ಕನಿಗೂ ಅದು ಸರಿಯೆನಿಸಿತು.

ಅವನು ಅರ್ಧ ಕೆರೆ ದಾಟಿದಾಗ ಗೂಡ್ಸಿನ ಕೊಂಡಿಗಳು ಒಂದಾದ ಮೇಲೊಂದು ಬಿಗಿದುಕೊಂಡ ಸದ್ದು ನೀರಿನ ಮೇಲೆ ತೇಲಿ ಬಂತು. ಗಾಡಿ ಎಡಕ್ಕೆ ಸರಿಯತೊಡಗಿತು, ಕನಸಿನಲ್ಲಿ ಸರಿಯುವಷ್ಟು ನಿಧಾನ. ಮುನಿರಾಜು ಕಣ್ಣೆತ್ತಿದ, ಕೆಂಪು ಡಬ್ಬಿ ಕಂಡಿತು, ಅತ್ತ ತಿರುಗಿದ. ಮತ್ತೆ ಕಣ್ಣೆತ್ತಿದ, ಮತ್ತೆ ಅತ್ತ ತಿರುಗಿದ. ಕೇಸರಿ ಚೀಲ ನೀರಿನ ಮೇಲೆ ಒಂದು ಕಮಾನು ಬರೆಯುತ್ತ ಹೋಯಿತು. ಕಾಲೇಜಿನಲ್ಲಿ ಭೌತಶಾಸ್ತ್ರ ಓದಿದ ನಾನು ಏರಿಯ ಮೇಲೆ ನಿಂತು, ಡಬ್ಬಿಗೂ ಅವನಿಗೂ ನಡುವೆ ಗೆರೆ ಎಳೆದು ನೋಡಿ, ಕೊನೆಗೂ ಇವನು ನೆಟ್ಟಗೆ ಈಜುತ್ತಿದ್ದಾನಲ್ಲ ಎಂದು ಸಂತೋಷಪಟ್ಟೆ. ಆ ತಪ್ಪು ದಾರಿ ಅಷ್ಟು ಚೆಲುವಾಗಿತ್ತು. ಅದು ಹೋಗಿ ಮುಟ್ಟುವುದು ಕೆರೆಯ ಎಡ ಮೂಲೆಗೆ, ಜೊಂಡು ಬೆಳೆದು ತಾವರೆ ಬಳ್ಳಿಗಳು ಹೆಣೆದುಕೊಂಡ ಕೆಸರಿಗೆ, ಎಂಬುದು ಹೊಳೆದಾಗ ಕೂಗಿದೆ. ನೀರಲ್ಲಿ ಮುಳುಗಿದ ಕಿವಿಗೆ ಕೂಗು ತಲುಪುವುದಿಲ್ಲ.

ಚೀಲ ನಿಂತಿತು. ಅಲ್ಲಾಡಿತು. ಒಂದು ಕೈ ಮೇಲೆ ಬಂತು, ಹೋಯಿತು. ಗ್ಲೋರಿ ಅಕ್ಕ ಆಗಲೇ ನೀರಿಗೆ ಧುಮುಕಿದ್ದರು. ನಾನು ಏರಿಯ ಮೇಲೆ ಇನ್ನೂ ಕೂಗುತ್ತಿದ್ದೆ. ಗೂಡ್ಸು ಮಾತ್ರ ಏನೂ ಆಗಿಲ್ಲವೆಂಬಂತೆ ಹೋಗುತ್ತಲೇ ಇತ್ತು. ಆಮೇಲೆ ಚೀಲದ ಪಕ್ಕದಲ್ಲಿ ಒಂದು ಮುಖ ಕಂಡಿತು, ಆಕಾಶಕ್ಕೆ ತಿರುಗಿದ ಮುಖ. ಮುನಿರಾಜು ತನ್ನ ಬಾಲವನ್ನು ಎರಡೂ ಕೈಯಿಂದ ತಬ್ಬಿ ಮಲಗಿದ್ದ. ಅಕ್ಕ ಅವನ ಕಾಲಿನ ಬಳ್ಳಿ ಬಿಡಿಸಿ, ದಾರ ಹಿಡಿದು ಎಳೆದು ತಂದರು. ದಡಕ್ಕೆ ಬಂದು ಕುಡಿದ ನೀರನ್ನೆಲ್ಲ ಕಾರಿದ ಮೇಲೆ ಅವನು ಎದುರು ದಡ ನೋಡಿ ಕೇಳಿದ ಮೊದಲ ಮಾತು: "ಗೂಡ್ಸು ಒಂಟೋಯ್ತಾ ಸಾ?"

ಅವನು ಆ ಸಂಜೆಯೇ ಹೋಗಿ ಹಸು ಕರೆದನಂತೆ. ನಾನು ಮಾತ್ರ ಮರುದಿನ ತಲೆಗೆ ಒಂದು ತಂಬಿಗೆ ನೀರು ಹುಯ್ದುಕೊಳ್ಳಲಾರದೆ ಬಚ್ಚಲಲ್ಲಿ ನಿಂತಿದ್ದೆ. ಮುಳುಗಿದವನು ಅಂದೇ ದಡ ಸೇರಿದ; ನೋಡಿದವನು ಇನ್ನೂ ನೀರಿನಲ್ಲೇ ಇದ್ದ. ಕಣ್ಣು ಮುಚ್ಚಿದರೆ ಕೇಸರಿ ಚೀಲ ಕಮಾನು ಬರೆಯುತ್ತಿತ್ತು, ಪ್ರತಿ ಸಲವೂ ನಾನು ಸಂತೋಷಪಡುತ್ತಿದ್ದೆ. ಸ್ಪರ್ಧೆಯ ಆಸೆ ಬಿಡುತ್ತೇನೆಂದು ಹೇಳಲು ಮುಂದಿನ ಭಾನುವಾರ ಕೆರೆಗೆ ಹೋದೆ. ಗ್ಲೋರಿ ಅಕ್ಕ ಕೇಳಿಸಿಕೊಳ್ಳುತ್ತಲೇ ಕೇಸರಿ ಚೀಲಕ್ಕೆ ಗಾಳಿ ಊದಿದರು. ಮುನಿರಾಜು ತನ್ನ ಕೆಂಪು ಟವೆಲನ್ನು ನನ್ನ ಹೆಗಲಿಗೆ ಹಾಕಿದ. ಎದುರು ದಡಕ್ಕೆ ಹೋಗಿ ನಿಲ್ಲಬೇಕಂತೆ.

"ಈಜೋದ್ ಬ್ಯಾಡ ಸಾ. ನಿಂತ್ಕೊಳ್ಳಿ ಸಾಕು. ನೀವೂ ಒಂಟೋಗ್ಬ್ಯಾಡಿ, ಅಷ್ಟೇ."

ನಿಂತೆ. ನನ್ನ ಜೀವನದಲ್ಲಿ ಅಷ್ಟು ಶ್ರದ್ಧೆಯಿಂದ ಮಾಡಿದ ಕೆಲಸ ಇನ್ನೊಂದಿಲ್ಲ. ನೊಣ ಮೂಗಿನ ಮೇಲೆ ಕೂತರೂ ಅಲ್ಲಾಡಲಿಲ್ಲ. ಮುನಿರಾಜು ಕಣ್ಣೆತ್ತಿ ನೋಡುತ್ತ, ಬಾವಿಯನ್ನು ಮರೆತು, ನೇರವಾಗಿ ನನ್ನ ಕಡೆಗೇ ಬಂದ. ಕೈ ಕೊಟ್ಟು ಎಳೆದುಕೊಂಡೆ. ಅವನ ಕೈ ಬೆಚ್ಚಗಿತ್ತು.

ಅದಾದ ಕೆಲವು ವಾರಗಳ ಮೇಲೆ ಟವೆಲು ಅವನ ಹೆಗಲಿಗೆ ಮರಳಿತು, ನೀರಿಗಿಳಿದವನು ನಾನು. ಕೆರೆಯ ನಡುವಿನಲ್ಲಿದ್ದಾಗ ಎಲ್ಲಿಯೋ ಕೊಂಡಿಗಳು ಬಿಗಿದ ಸದ್ದು ಕೇಳಿದಂತಾಗಿ ಉಸಿರು ಸಿಕ್ಕಿಕೊಂಡಿತು. ಚೀಲ ತಬ್ಬಿ ಮಲಗಿದೆ. ಆಕಾಶ ಸಾಕಷ್ಟು ಇತ್ತು. ಎದೆಬಡಿತ ಇಳಿದ ಮೇಲೆ ಕಣ್ಣೆತ್ತಿದೆ. ಟವೆಲು ಅಲ್ಲೇ ಇತ್ತು.

ಸ್ಪರ್ಧೆ ಇನ್ನೂ ಮುಂದಿದೆ. ಹೊಸ ಚಡ್ಡಿ ಕೊಂಡಿಲ್ಲ. ದಿನವೂ ಅದೇ ರೈಲಿನಲ್ಲಿ ಕೆ.ಜಿ.ಎಫ್.ಗೆ ಹೋಗುತ್ತೇನೆ, ಪಕ್ಕದ ಗೂಡ್ಸು ಈಗಲೂ ಅಲುಗುತ್ತದೆ, ಅಂಗೈ ಈಗಲೂ ಬೆವರುತ್ತದೆ. ಆಗ ಮೊದಲು ಈಚೆಯ ಕಿಟಕಿಗೆ ತಿರುಗಿ, ಪ್ಲಾಟ್‌ಫಾರಂ ತುದಿಯ ಬೇವಿನ ಮರ ಇದೆಯೇ ಎಂದು ನೋಡುತ್ತೇನೆ. ಇರುತ್ತದೆ. ಆಮೇಲೆ ಗೂಡ್ಸಿನ ಕಡೆ ತಿರುಗಿ, ಹೋಗಿ ಬಾ ಎನ್ನುತ್ತೇನೆ.