ಏಳನೇ ಪೆಟ್ಟಿಗೆಯ ತೂಕ

ನನ್ನ ಚಿಕ್ಕಮ್ಮನ ಕೆಲಸ ಇಲಿಗಳ ಜೊತೆ. ಪ್ರಯೋಗಾಲಯದ ನೆಲಮಾಳಿಗೆಯಲ್ಲಿ ಒಂದು ಉದ್ದನೆಯ ಕೋಣೆ. ಹೊರಗೆ ಹಗಲಿದ್ದಾಗ ಅಲ್ಲಿ ರಾತ್ರಿ. ಇಲಿಗಳು ಚುರುಕಾಗುವುದು ಕತ್ತಲಲ್ಲೇ ಆದ್ದರಿಂದ ಹೊತ್ತನ್ನೇ ತಿರುವುಮುರುವು ಮಾಡಿಟ್ಟಿದ್ದರು. ಒಂದು ಮಬ್ಬು ಕೆಂಪು ದೀಪ ಮಾತ್ರ ಉರಿಯುತ್ತಿತ್ತು. ಇಪ್ಪತ್ತೆರಡು ವರ್ಷ ಅವಳು ಬೆಳಗ್ಗೆ ಒಂಬತ್ತಕ್ಕೆ ಆ ರಾತ್ರಿಯೊಳಗೆ ಇಳಿದು, ಸಂಜೆ ಕಣ್ಣುಜ್ಜಿಕೊಳ್ಳುತ್ತ ಮೇಲೆ ಬಂದಿದ್ದಾಳೆ. ನಾವೆಲ್ಲ 'ಇಲಿಯಮ್ಮ' ಎಂದು ರೇಗಿಸುತ್ತಿದ್ದೆವು. ಅವಳಿಗೆ ಅದು ಬಿರುದು ಕೊಟ್ಟಷ್ಟು ಖುಷಿ.

ಆ ವರ್ಷ ನಡೆದದ್ದು ನಾರಿನ ಪ್ರಯೋಗ. ಅರ್ಧ ಪೆಟ್ಟಿಗೆಗಳ ಇಲಿಗಳಿಗೆ ಕರುಳಿನಲ್ಲಿ ಹುದುಗುವ ನಾರು, ಉಳಿದರ್ಧಕ್ಕೆ ಹುದುಗದೆ ಹಾಗೇ ಹೊರಬೀಳುವ ನಾರು. ಜಿಡ್ಡು, ಸಕ್ಕರೆ ಎಲ್ಲಕ್ಕೂ ಒಂದೇ ಸಮ. ಪ್ರತಿ ಸೋಮವಾರ ತೂಕ. ಹುದುಗುವ ನಾರು ತಿಂದವು ಅಷ್ಟಾಗಿ ಕೊಬ್ಬಲಿಲ್ಲ. ಉಳಿದವು ದಿಂಬಿನ ಹಾಗೆ ಊದಿದವು.

"ಇದೇನು ಮಾಯೆ ಚಿಕ್ಕಮ್ಮ?" ಎಂದು ಊಟಕ್ಕೆ ಕೂತಾಗ ಕೇಳಿದ್ದೆ.

"ಮಾಯೆ ಅಲ್ಲ ಕಣೇ. ಹೊಟ್ಟೆ ಅರಗಿಸೋಕಾಗದ ನಾರು ದೊಡ್ಡ ಕರುಳಿಗೆ ಹೋಗತ್ತೆ. ಅಲ್ಲಿ ಕಣ್ಣಿಗೆ ಕಾಣದ ಜೀವಿಗಳು ಕೋಟಿಗಟ್ಲೆ ಕಾದು ಕೂತಿರ್ತವೆ. ಅವು ಅದನ್ನ ಹುದುಗಿಸಿ ಒಂಥರಾ ಹುಳಿ ಬಿಡ್ತವೆ. ಕರುಳಿನ ಗೋಡೆಗೆ ಅದೇ ಊಟ. 'ಸಾಕು' ಅನ್ನೋ ಸುದ್ದಿ ತಲೆಗೆ ಹೋಗೋಕೂ ಅದು ನೆರವಾಗತ್ತಂತೆ, ಪ್ರಯೋಗ ನಡೆಸೋ ನಮ್ಮ ಮೇಡಂ ಹೇಳ್ತಾರೆ."

"ನಿನ್ನ ತಲೆಗೆ ಮಾತ್ರ ಸುದ್ದಿ ಬಂದಿಲ್ಲ," ಅಂದೆ. ಚಿಕ್ಕಮ್ಮ ದಪ್ಪನೆಯ ಹೆಂಗಸು. ನಕ್ಕು ಇನ್ನೊಂದು ಸೌಟು ಬಡಿಸಿಕೊಂಡಳು.

ಆ ಕೋಣೆಯಲ್ಲಿ ಕೆಲವೊಮ್ಮೆ ಅವಳಿಗೆ ತಾನೇ ಯಾವುದೋ ದೊಡ್ಡ ಪ್ರಾಣಿಯ ಹೊಟ್ಟೆಯೊಳಗೆ ಕೂತಂತೆ ಅನಿಸುತ್ತಿತ್ತಂತೆ. ಬೆಚ್ಚಗೆ, ಕೆಂಪಗೆ, ಸುತ್ತ ಸಣ್ಣ ಜೀವಗಳ ಸರಸರ ಸದ್ದು. ಊಟದ ಹೊತ್ತು ಮೀರಿದ್ದೂ ತಿಳಿಯುತ್ತಿರಲಿಲ್ಲ.

ಏಳನೇ ಪೆಟ್ಟಿಗೆಯಲ್ಲಿ, ಹುದುಗದ ನಾರಿನ ಗುಂಪಿನಲ್ಲಿ, ನಾಲ್ಕು ಗಂಡಿಲಿಗಳು ಹಗಲೂ ರಾತ್ರಿ ಕಚ್ಚಾಡುತ್ತಿದ್ದವು. ಹಾಸಿದ ಮರದ ಹೊಟ್ಟನ್ನು ಬದಲಿಸಿದ ದಿನವಂತೂ ರಕ್ತವೇ. ವಾಸನೆ ಅಳಿದರೆ ಇಲಿಗಳಿಗೆ ಮನೆ ಕಳೆದುಹೋದಂತೆ ಎಂದು ಬಲ್ಲ ಚಿಕ್ಕಮ್ಮ, ಪ್ರತಿ ಪೆಟ್ಟಿಗೆಗೂ ಅದರದೇ ಹಳೆಯ ಹಾಸು ಒಂದು ಹಿಡಿ ಉಳಿಸಿಕೊಡುತ್ತಿದ್ದಳು. ಏಳಕ್ಕೆ ಮಾತ್ರ ಅದರಿಂದ ಉಪಯೋಗವಾಗದೆ, ಪಕ್ಕದ ಎಂಟನೆಯದರಿಂದ ತಂದು ಹಾಕಿದಳು. ಎಂಟರವು ಸಾಧುಪ್ರಾಣಿಗಳು, ಆದರೆ ಹುದುಗುವ ನಾರಿನ ಗುಂಪಿನವು. ಜಗಳ ನಿಂತಿತು. ಹತ್ತು ವಾರ ಹಾಗೇ ಮಾಡಿದಳು.

ಹುದುಗದ ನಾರಿನ ಗುಂಪಿನಲ್ಲಿ ಏಳನೇ ಪೆಟ್ಟಿಗೆ ಒಂದೇ ಊದಲಿಲ್ಲ. ಖುಷಿಗೆ ಮೇಡಂ ಕಾಲು ನೆಲದ ಮೇಲೆ ನಿಲ್ಲಲಿಲ್ಲ. "ಈ ನಾಲ್ಕರಲ್ಲಿ ಏನೋ ಹೊಸದಿದೆ. ಮುಂದಿನ ತಿಂಗಳು ಸಮ್ಮೇಳನದಲ್ಲಿ ಎಲ್ಲರ ಮುಂದೆ ಇದನ್ನೇ ಹೇಳ್ತೀನಿ. ಇಲಿಗಳು ಹಿಕ್ಕೆ ತಿನ್ನೋ ಜಾತಿ, ಒಂದರ ಕರುಳಿನ ಜೀವಿ ಇನ್ನೊಂದಕ್ಕೆ ದಾಟಿಬಿಡತ್ತೆ. ಪುಣ್ಯಕ್ಕೆ ನಮ್ಮ ಪೆಟ್ಟಿಗೆಗಳು ಬೇರೆ ಬೇರೆ ಇವೆ!" ಎಂದರು.

ಚಿಕ್ಕಮ್ಮನಿಗೆ ತಾನು ಏಳಕ್ಕೆ ಹಾಕಿದ ಹಾಸು ನೆನಪಾಯಿತು. ಆ ಒಂದೊಂದು ಹಿಡಿಯಲ್ಲೂ ಹಿಕ್ಕೆಯಿತ್ತು, ಎಂಟರ ತಿಂಡಿಯ ಪುಡಿಯೂ ಇತ್ತು.

ಅಂದು ಸಂಜೆ ನನಗೆ ಹೇಳಿದಳು. ನಾನು ಗದರಿದೆ. "ಸುಮ್ನಿದ್ದುಬಿಡು. ಯಾರಿಗೆ ಗೊತ್ತಾಗತ್ತೆ? ನಿವೃತ್ತಿಗೆ ಇನ್ನು ಮೂರೇ ವರ್ಷ. ಕೆಲಸ ಹೋದ್ರೆ?"

"ಅವರು ಸುಳ್ಳನ್ನ ನಿಜ ಅಂತ ನಂಬಿ ಹೇಳ್ತಾರಲ್ಲೇ, ಅಷ್ಟು ಜನರ ಮುಂದೆ," ಎಂದಳು.

ಮರುದಿನ ಹೇಳಿಯೇಬಿಟ್ಟಳು. ಮೇಡಂ ಕೂಗಾಡಲಿಲ್ಲ. ಪುಸ್ತಕ ತೆರೆದು ಏಳನೇ ಪೆಟ್ಟಿಗೆಯ ಹತ್ತು ವಾರಗಳ ಮೇಲೂ ಗೀಟು ಎಳೆದರು. ಪುಸ್ತಕ ಮುಚ್ಚಿ, "ನೀವು ಹೋಗಿ" ಅಂದರು. ಚಿಕ್ಕಮ್ಮ ಹನ್ನೊಂದು ಗಂಟೆಗೇ ಮೇಲೆ ಬಂದಳು. ಅಷ್ಟು ವರ್ಷ ಕೆಲಸದ ದಿನ ಆ ಹೊತ್ತಿನ ಬಿಸಿಲನ್ನೇ ಕಂಡವಳಲ್ಲ. ಬೀದಿಯ ಜನ ನೀರಿನೊಳಗೆ ನಡೆದಂತೆ ಕಂಡರಂತೆ. ಮನೆಯ ದಾರಿ ತಪ್ಪಿ ಎರಡು ಸುತ್ತು ಹಾಕಿದಳು.

ಸೋಮವಾರ ಹೋಗುವುದೋ ಬೇಡವೋ ತಿಳಿಯಲಿಲ್ಲ. ಇಲಿಗಳನ್ನು ತೂಗಬೇಕಲ್ಲ ಎಂದು ಹೋದಳು. ಮೇಡಂ ಬಂದರು. ತೂಕದ ಯಂತ್ರಕ್ಕೆ ಬೆನ್ನು ಹಾಕಿ ಕೂತು, ಪುಸ್ತಕ ಬಿಡಿಸಿದರು.

"ಹೇಳಿ."

"ಮೂವತ್ತೊಂದು ಪಾಯಿಂಟ್ ನಾಲ್ಕು," ಎಂದಳು ಚಿಕ್ಕಮ್ಮ. ಅಂಕಿ ಸರಿಯೇ ಎಂದು ಮೇಡಂ ತಿರುಗಿ ನೋಡಲಿಲ್ಲ, ಹೇಳಿದ್ದನ್ನು ಹಾಗೇ ಬರೆದುಕೊಂಡರು.

"ಮುಂದಿನದು?"

ಇದನ್ನು ಹೇಳುತ್ತ ಚಿಕ್ಕಮ್ಮ ಅತ್ತುಬಿಟ್ಟಳು. ಸುಮ್ಮನಿರು ಅಂದಿದ್ದ ನನಗೆ ಅವಳ ಮುಖ ನೋಡಲಾಗಲಿಲ್ಲ.