ಪಾಳಿ ಇಲ್ಲದ ದಿನ ಎತ್ತಿದ ಗೇಟು

ಎರಡು ವರ್ಷದ ಹಿಂದೆ ಹೈದರಾಬಾದಿನ ಒಂದು ಸ್ಟುಡಿಯೋದಲ್ಲಿ ಕೆಲಸದವನೊಬ್ಬ ದೊಡ್ಡ ಬಾಗಿಲಿನ ಗಾಲಿಗಳಿಗೆ ಗ್ರೀಸ್ ಹಚ್ಚುತ್ತಿದ್ದ. ಮೀಟಿಂಗಿಗೆ ತಡವಾಯಿತೆಂದು ಓಡುತ್ತಿದ್ದ ನಾನು ಅಲ್ಲೇ ನಿಂತುಬಿಟ್ಟೆ. ಬಿಸಿಲಿಗೆ ಅರ್ಧ ಕರಗಿದ ಕಪ್ಪು ಗ್ರೀಸಿನ ವಾಸನೆ... ಮಾನ್ವಿಯ ನಮ್ಮ ಓಣಿ, ಅದರಾಚೆಯ ಕಾಲುವೆಯ ದಂಡೆ, ಕೈಯಲ್ಲಿ ಗ್ರೀಸಿನ ಡಬ್ಬಿ ಹಿಡಿದು ಮುಂದೆ ಮುಂದೆ ನಡೆಯುವ ಲಸ್ಕರ್ ಕಾಕಾ, ಎಲ್ಲ ಒಮ್ಮೆಲೇ ಕಣ್ಣ ಮುಂದೆ ಬಂದವು.

ಕಾಲುವೆಯ ಗೇಟು ಎತ್ತಿ ಇಳಿಸುವ ನೌಕರನಿಗೆ ನಮ್ಮ ಕಡೆ ಲಸ್ಕರ್ ಅನ್ನುತ್ತಾರೆ. ಕಾಕಾ ನಮ್ಮ ಪಕ್ಕದ ಮನೆಯವರು. ಯಾವ ಊರಿಗೆ ಯಾವ ದಿನ ನೀರು ಎಂಬ ಪಾಳಿ ಅವರ ನಾಲಿಗೆಯ ತುದಿಯಲ್ಲಿತ್ತು. ಖಾಕಿ ಅಂಗಿಯ ಎಡಗಡೆಯ ಜೇಬು ಸದಾ ಗ್ರೀಸಿನಿಂದ ಕಪ್ಪಾಗಿರುತ್ತಿತ್ತು. ಆ ಜೇಬಿಗಾಗಿ ಕಾಕಿ ದಿನಾ ಅವರನ್ನು ಬೈಯುವುದು, ಕಾಕಾ ನಗುತ್ತ ಸೈಕಲ್ ಹತ್ತುವುದು ನಮ್ಮ ಓಣಿಯ ಬೆಳಗಿನ ಗಡಿಯಾರವಾಗಿತ್ತು.

ಓಣಿಯಲ್ಲಿ ಮೊದಲು ಬಣ್ಣದ ಟಿ.ವಿ. ಬಂದದ್ದೂ ಅವರ ಮನೆಗೇ. ಒಂದು ಭಾನುವಾರ ಮಧ್ಯಾಹ್ನ ಅದರಲ್ಲಿ ತೆಲುಗಿನ ಒಂದು ಸಿನಿಮಾ ಬಂತು. ದೂರದ ಗ್ರಹವೊಂದರಲ್ಲಿ ಜನ ದೊಡ್ಡ ಗುಮ್ಮಟದಡಿ ಊರು ಕಟ್ಟಿಕೊಂಡಿರುತ್ತಾರೆ, ಅಲ್ಲಿ ನೀರಿಗೆ ಬರ. ವೈರಿಗಳಿಂದ ತಪ್ಪಿಸಿಕೊಂಡು ಹೀರೋ ಸುರಂಗಕ್ಕೆ ಹಾರುತ್ತಾನೆ, ಗೇಟಿನವನೊಬ್ಬ ಗೇಟು ಎತ್ತುತ್ತಾನೆ, ನೀರಿನ ಜೊತೆ ಹೀರೋ ತೇಲಿ ಪಾರಾಗುತ್ತಾನೆ. ಗೇಟಿನವನು ತೆರೆಯ ಮೇಲೆ ಇರುವುದು ಅರ್ಧ ನಿಮಿಷ. ನಾವು ಹುಡುಗರೆಲ್ಲ ಚಪ್ಪಾಳೆ ಹೊಡೆಯುತ್ತಿದ್ದರೆ ಕಾಕಾ ಮಾತ್ರ ಹುಬ್ಬು ಗಂಟಿಕ್ಕಿ ಕೂತಿದ್ದರು.

"ಪಾಳಿ ಇಲ್ಲದಾಗ ಗೇಟ್ ಎತ್ತ್ಯಾನ. ಅವಂಗ ನೋಟಿಸ್ ಬರಂಗಿಲ್ಲೇನು?"

ಆ ಸಿನಿಮಾದ ಹೀರೋ ಮುಂದೆ ಇನ್ನೆರಡು ಸಿನಿಮಾಗಳಲ್ಲಿ ಏನೇನೋ ಪರಾಕ್ರಮ ಮಾಡಿದ. ಆದರೆ ನಮಗೆ ಅವನ ಗೊಡವೆ ಇರಲಿಲ್ಲ, ಕಾಕಾ ಗೇಟಿನವನ ಕಥೆ ಶುರು ಮಾಡಿದ್ದರು. ಸಂಜೆ ಶಾಲೆ ಬಿಟ್ಟ ಮೇಲೆ ಅವರ ಹಿಂದೆ ಕಾಲುವೆಯ ದಂಡೆ ಹಿಡಿದು ಹೊರಟರೆ ಒಂದೊಂದು ಗೇಟಿಗೆ ಒಂದೊಂದು ಕಂತು. ಗೇಟಿನವನಿಗೆ ನೋಟಿಸ್ ಬಂತು. ಅವನ ಹೆಂಡತಿ ಅದನ್ನು ನೋಡದೆ ಒಲೆ ಹಚ್ಚಲು ಬಳಸಿಬಿಟ್ಟಳು. ಹೀರೋ ತೇಲಿಹೋದ ನೀರಿನಿಂದ ಕೆಳಗಿನ ಊರಿನವರ ಪಾಳಿ ತಪ್ಪಿತು, ಅವರು ಜಗಳಕ್ಕೆ ಬಂದರು. ಒಮ್ಮೆ ಅವನ ಸೈಕಲ್ ಪಂಕ್ಚರ್ ಆಯಿತು. ಗಾಳಿಯೇ ಇಲ್ಲದ ಗ್ರಹದಲ್ಲಿ ಚಕ್ರಕ್ಕೆ ಗಾಳಿ ಹೊಡೆಸುವುದು ಹೇಗೆ ಎಂದು ನಾವು ಮೂರು ದಿನ ಗುದ್ದಾಡಿದ್ದೆವು. ಅದಕ್ಕೆ ಕಾಕಾ ಏನು ದಾರಿ ಹುಡುಕಿದರೋ... ಎಷ್ಟು ನೆನೆದರೂ ನೆನಪಾಗುತ್ತಿಲ್ಲ.

ಆ ವರ್ಷದ ಬೇಸಿಗೆಯಲ್ಲಿ ಕಾಕಾ ತಾವೇ ಪಾಳಿ ಇಲ್ಲದ ದಿನ ಗೇಟು ಎತ್ತಿದರು. ನಮ್ಮ ಅವ್ವ ಕಾಲುವೆಯ ಕೊನೆಯ ಊರೊಂದರಲ್ಲಿ ಅಂಗನವಾಡಿ ಸಹಾಯಕಿಯಾಗಿದ್ದಳು. ಆ ಊರಿನ ಕುಡಿಯುವ ನೀರಿನ ಕೆರೆ ತಳ ಕಂಡಿತ್ತು, ಪಾಳಿ ಬರಲು ಇನ್ನೂ ಐದು ದಿನ ಬಾಕಿ ಇತ್ತು. ಒಂದು ದಿನ ನಸುಕಿನಲ್ಲಿ ಕಾಕಾ ಹೋಗಿ ಗೇಟು ಎತ್ತಿ, ಕೆರೆಯಲ್ಲಿ ಒಂದಿಷ್ಟು ನೀರು ನಿಂತ ಮೇಲೆ ಇಳಿಸಿ ಬಂದರು. ಮೇಲಿನ ಹೊಲಗಳವರು ದೂರು ಕೊಟ್ಟರು. ಆಫೀಸಿಗೆ ಕರೆಸಿ ವಿಚಾರಣೆ ನಡೆಸಿದರು. ತಿಂಗಳೊಳಗೆ ದೇವದುರ್ಗದ ಕಡೆಯ ಕಾಲುವೆಗೆ ವರ್ಗ ಮಾಡಿದರು. ಸಾಮಾನು ತುಂಬಿದ ಟೆಂಪೋದ ಸುತ್ತ ನಿಂತು ನಾವು ಕೇಳಿದ್ದು ಒಂದೇ: ನಮ್ಮ ಗೇಟಿನವನದು ಮುಂದೇನು? ವಿಚಾರಣೆ ಇನ್ನೂ ನಡೆಯುತ್ತಿದೆ, ಅವನು ಏನು ಜವಾಬು ಕೊಡುತ್ತಾನೋ ನೋಡಿ ಹೇಳುತ್ತೇನೆ ಎಂದು ಕಾಕಾ ಟೆಂಪೋ ಹತ್ತಿದರು. ಕಥೆ ಅಲ್ಲಿಗೇ ನಿಂತಿತು.

ಗ್ರೀಸಿನ ವಾಸನೆ ಬಂದ ದಿನದ ಮೀಟಿಂಗ್ ಅದೇ ಸಿನಿಮಾದ್ದು! ಹೊಸ ನಟರನ್ನು ಹಾಕಿಕೊಂಡು ಆ ಸರಣಿಯನ್ನು ಮೊದಲಿನಿಂದ ಮತ್ತೆ ಶುರು ಮಾಡುತ್ತಿದ್ದರು. ಅದರ ಜೊತೆಗೇ ಅದೇ ಲೋಕದ ಇನ್ನೊಂದು ಕಥೆ ಟಿ.ವಿ.ಯಲ್ಲಿ ಕಂತು ಕಂತಾಗಿ ಬರಬೇಕು, ಅದನ್ನು ಬರೆಯುವ ಐವರಲ್ಲಿ ನಾನೂ ಒಬ್ಬಳು. ಒಬ್ಬರು ಹೀರೋನ ಬಾಲ್ಯ ಅಂದರು, ಇನ್ನೊಬ್ಬರು ವಿಲನ್ನಿನ ಮಗಳು ಅಂದರು. ನನ್ನ ಸರದಿ ಬಂದಾಗ ಗೇಟಿನವನ ಕಥೆ ಮಾಡೋಣ ಎಂದೆ. ಯಾವ ಗೇಟಿನವನು ಎಂದು ನಿರ್ದೇಶಕರು ಕೇಳಿದರು. ಹಳೆಯ ಸಿನಿಮಾ ಹಾಕಿ ನೋಡಿದೆವು, ಅರ್ಧ ನಿಮಿಷ ಅವನು ಬಂದು ಹೋದ. ನಾನು ನೋಟಿಸು, ಒಲೆ, ಪಂಕ್ಚರ್ ಎಲ್ಲ ಹೇಳಿದೆ. ಹೇಳಿ ಮುಗಿಸುವಷ್ಟರಲ್ಲಿ ನಿರ್ದೇಶಕರು ಕುರ್ಚಿಯಲ್ಲಿ ಹೊರಳಾಡಿ ನಗುತ್ತಿದ್ದರು.

ಐದು ಕಂತು ಸರಾಗವಾಗಿ ಬರೆದೆವು. ಆರನೆಯದು ವಿಚಾರಣೆಯ ಕಂತು, ಅಲ್ಲಿ ಸಿಕ್ಕಿಕೊಂಡೆವು. ಅವನ ಬಾಯಲ್ಲಿ ಮೈ ಜುಂ ಎನ್ನುವ ಭಾಷಣ ಇರಬೇಕೆಂದು ಉಳಿದವರು ಹಟ ಹಿಡಿದರು. ಒಬ್ಬೊಬ್ಬರು ಬರೆದ ಭಾಷಣವೂ ಎರಡೆರಡು ಪುಟ. ಯಾವುದೂ ನನಗೆ ಒಗ್ಗಲಿಲ್ಲ. ಕೊನೆಗೆ ನಾಲ್ಕು ದಿನ ರಜೆ ಕೇಳಿ ಮಾನ್ವಿಗೆ ಬಂದು ಅವ್ವನನ್ನು ಕರೆದುಕೊಂಡು ದೇವದುರ್ಗದ ಬಸ್ಸು ಹತ್ತಿದೆ.

ಕಾಕಾ ನಿವೃತ್ತರಾಗಿ ಅಲ್ಲೇ ಮನೆ ಮಾಡಿಕೊಂಡಿದ್ದರು. ಕೂದಲೆಲ್ಲ ಬೆಳ್ಳಗಾಗಿತ್ತು, ನಗು ಮಾತ್ರ ಹಾಗೇ ಇತ್ತು. ಕಾಕಿ ಚುರುಮುರಿ ನೆನೆಸಿ ಮಂಡಾಳು ಒಗ್ಗರಣಿ ಮಾಡಿ ತಂದಿಟ್ಟರು. ನಾನು ಬಂದ ಕೆಲಸ ಹೇಳಿದೆ: ಗೇಟಿನವನ ವಿಚಾರಣೆ ಇನ್ನೂ ನಡೆಯುತ್ತಿದೆ, ಅವನ ಜವಾಬು ಬೇಕು.

"ನೀ ಇನ್ನೂ ಅಲ್ಲೇ ನಿಂತೀ ಏನ್ ಬೇ?" ಎಂದು ಕಾಕಾ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ತಟ್ಟೆ ಬದಿಗಿಟ್ಟು, ತಮ್ಮದೇ ವಿಚಾರಣೆಯನ್ನು ಹೇಳಿದರು.

"ಸಾಹೇಬ್ರು ಕೇಳಿದ್ದು ಒಂದ ಮಾತು. ಗೇಟ್ ಎತ್ತು ಅಂತ ನಿನಗ ಯಾರು ಹೇಳಿದ್ರು ಅಂತ. ಯಾರೂ ಹೇಳಿಲ್ರಿ ಅಂದೆ. ನಾಕು ಸಲ ಕೇಳಿದ್ರು, ನಾಕು ಸಲಾನೂ ಅದ ಅಂದೆ."

ನನ್ನ ಪಕ್ಕದಲ್ಲಿ ಅವ್ವನ ಕೈ ತಟ್ಟೆಯಲ್ಲೇ ನಿಂತಿತು. ಆಗ ನನಗೂ ಹಳೆಯದು ನೆನಪಾಗಿ ಎಲ್ಲ ಹೊಳೆಯಿತು. ಕಾಕಾ ಗೇಟು ಎತ್ತಿದ ಹಿಂದಿನ ಸಂಜೆ, ಕೆಲಸದಿಂದ ಬಂದವಳೇ ಕಾಕಿಯ ಮನೆಯ ಕಟ್ಟೆಯ ಮೇಲೆ ಕೂತು, ಮಕ್ಕಳಿಗೆ ಕುಡಿಸಲು ನೀರಿಲ್ಲ, ಅಣ್ಣ ಹೇಗಾದರೂ ಒಂದು ತಾಸು ಬಿಡಬೇಕು ಎಂದು ಅತ್ತವಳು ಅವ್ವ. ಅವಳ ಮಾತಿಗೇ ಕಾಕಾ ಗೇಟು ಎತ್ತಿದ್ದರು. ಅವರಿಗೆ ವರ್ಗವಾದದ್ದು ಮೇಲಿನ ಹೊಲದವರ ಸಿಟ್ಟಿನಿಂದ ಎಂದಷ್ಟೇ ಅವ್ವ ಇಷ್ಟು ವರ್ಷ ತಿಳಿದಿದ್ದಳು. ಯಾರು ಹೇಳಿದರೆಂದು ಸಾಹೇಬರು ನಾಲ್ಕು ಸಲ ಕೇಳಿದ್ದರು, ನಾಲ್ಕು ಸಲವೂ ಕಾಕಾ ತನ್ನ ಹೆಸರನ್ನು ನುಂಗಿಕೊಂಡಿದ್ದರು ಎಂಬುದು ಅವಳಿಗೆ ತಿಳಿದಿರಲಿಲ್ಲ.

"ನನ್ನ ಹೆಸರು ಹೇಳಬಾರದಿತ್ತೇನಣ್ಣ?" ಎಂದಳು ಅವ್ವ.

"ಹೇಳಿದ್ರ ನಿನ್ನ ಕೆಲಸ ತಗಸತಿದ್ರು ತಂಗಿ. ನಂದು ಊರಷ್ಟ ಬದಲಾತು. ದೇವದುರ್ಗದಾಗೂ ಕಾಲುವಿ ಅದ."

ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಗ ಕಾಕಿ, ಊರು ಬದಲಾದರೂ ಆ ಜೇಬಿನ ಗ್ರೀಸು ಹೋಗಲಿಲ್ಲ ನೋಡು ಎಂದು ಹಳೆಯ ಬೈಗುಳ ಶುರು ಮಾಡಿದರು. ನಾಲ್ವರೂ ನಕ್ಕೆವು.

ಹೈದರಾಬಾದಿಗೆ ಮರಳಿ ಆರನೆಯ ಕಂತು ಬರೆದೆ. ಭಾಷಣ ಇಲ್ಲ, ಗೇಟಿನವನು ನಾಲ್ಕು ಸಲ ಯಾರೂ ಹೇಳಿಲ್ಲ ಎನ್ನುತ್ತಾನೆ, ಅಷ್ಟೇ. ಬರವಣಿಗೆಯ ಕೋಣೆಯಲ್ಲಿ ಎರಡು ದಿನ ಜಗಳವಾಯಿತು. ಇದನ್ನು ತೆಗೆಯುವುದಾದರೆ ನನ್ನ ಹೆಸರನ್ನೂ ತೆಗೆಯಿರಿ ಎಂದೆ. ಹಾಗೆಲ್ಲ ಹೇಳುವ ಧೈರ್ಯ ನನಗೆ ಅದಕ್ಕೆ ಮೊದಲು ಇರಲಿಲ್ಲ. ಗೇಟಿನವನ ಪಾತ್ರದ ಹಿರಿಯ ನಟರು ಅದನ್ನು ಒಮ್ಮೆ ಓದಿ ತೋರಿಸಿದರು, ಜಗಳ ಮುಗಿಯಿತು. ಹೊಸ ಸಿನಿಮಾದಲ್ಲೂ ಗೇಟಿನವನ ಅರ್ಧ ನಿಮಿಷವನ್ನು ನಾಲ್ಕು ನಿಮಿಷಕ್ಕೆ ಬೆಳೆಸಿದರು.

ಚಿತ್ರೀಕರಣ ನಡೆಯುತ್ತಿದ್ದಾಗ ಇನ್ನೊಮ್ಮೆ ದೇವದುರ್ಗಕ್ಕೆ ಹೋಗಿ ಮೊದಲ ಕಂತಿನ ಒಂದು ತುಣುಕನ್ನು ಕಾಕಾಗೆ ಮೊಬೈಲಿನಲ್ಲಿ ತೋರಿಸಿದ್ದೆ. ಕನ್ನಡಕ ಏರಿಸಿ ನೋಡಿದವರು, ನಿಮ್ಮವನು ಗೇಟು ಇಳಿಸುತ್ತಿದ್ದಾನೆ, ನೀವು ನೀರು ಬಂತೆಂದು ತೋರಿಸುತ್ತಿದ್ದೀರಿ, ಗೇಟು ಎತ್ತುವ ಚಕ್ರವನ್ನು ಇನ್ನೊಂದು ಕಡೆ ತಿರುಗಿಸಬೇಕು ಎಂದರು. ಮತ್ತೆ ಚಿತ್ರೀಕರಿಸಲು ಸಮಯವಿರಲಿಲ್ಲ. ಸಂಕಲನದವರು ಆ ದೃಶ್ಯವನ್ನು ಕನ್ನಡಿಯಲ್ಲಿ ಕಂಡಂತೆ ಎಡ ಬಲ ಮಾಡಿದರು. ಹಾಗಾಗಿ ಮೊದಲ ಕಂತಿನಲ್ಲಷ್ಟೇ ನಮ್ಮ ಗೇಟಿನವನು ಎಡಚ. ಇದನ್ನು ಫೋನಿನಲ್ಲಿ ಹೇಳಿದಾಗ ಕಾಕಾ ನಕ್ಕ ನಗು... ಅವರ ದನಿ ನಾನು ಕೇಳಿದ್ದು ಅದೇ ಕೊನೆ. ಪ್ರಸಾರಕ್ಕೆ ಇಪ್ಪತ್ತು ದಿನ ಇರುವಾಗ ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ.

ಆರನೆಯ ಕಂತು ಬಂದ ದಿನ ನಾನು ಮಾನ್ವಿಯಲ್ಲೇ ಇದ್ದೆ. ಅವ್ವ ಟಿ.ವಿ. ಮುಂದೆ ಚಾಪೆ ಹಾಸಿಕೊಂಡು ಪುಂಡಿಪಲ್ಯದ ಎಲೆ ಬಿಡಿಸಿ ಸೋಸುತ್ತಿದ್ದಳು. ತೆರೆಯ ಮೇಲೆ ಬೆಳ್ಳಿ ಬಣ್ಣದ ಉಡುಪಿನ ಅಧಿಕಾರಿ, ಗೇಟು ಎತ್ತಲು ಯಾರು ಹೇಳಿದರು ಎಂದು ಕೇಳಿದ. ಗೇಟಿನವನು ಬಾಯಿ ತೆರೆಯುವ ಮೊದಲೇ ಅವ್ವ ಸೋಸುವುದನ್ನು ನಿಲ್ಲಿಸಿ, ತಲೆ ಎತ್ತಿ, ಎದುರಿಗೆ ಅಧಿಕಾರಿಯೇ ನಿಂತಂತೆ ಹೇಳಿದಳು.

"ನಾನ ಹೇಳಿದ್ದು ಸಾಹೇಬ್ರ."

ಅಧಿಕಾರಿ ನಾಲ್ಕು ಸಲ ಕೇಳಿದ. ನಾಲ್ಕು ಸಲವೂ ಅವ್ವ ಹೇಳಿದಳು. ಆ ಮಾತು ಕೇಳಬೇಕಾದ ಕಾಕಾ ಒಬ್ಬರು ಇರಲಿಲ್ಲ.